ಗಿನಿಕೋಳಿಯೂ ಪಾದಪೂಜೆಯೂ

ಹಾವಿಗೆ ಹೆದರುವ ಗಂಡಸು ತೋಟ ಇಟ್ಟುಕೊಳ್ಳಬಾರದು ಎನ್ನುವುದು ನನ್ನ ಹೆಂಡತಿ ದಾಕ್ಷಾಯಣಿಯ ಅಭಿಪ್ರಾಯ. ಇದನ್ನು ಅವಳು ನನ್ನೊಬ್ಬನ ಎದುರಿಗೆ ಹೇಳಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆ. (ನುಂಗಿ ಅಭ್ಯಾಸವಿದೆ.) ಆದರೆ ಅವಳು ಹೇಳಿದ್ದು ಸಖರಾಯಪಟ್ಟಣದಿಂದ ಬಂದಿದ್ದ ಅವಳ ಅಕ್ಕ ಮಲ್ಲಿಕಾಂಬನ ಎದುರಿಗೆ; ಅದೂ ನಾನು ಊಟಕ್ಕೆ ಕೂತಿದ್ದಾಗ, ನನ್ನ ತಟ್ಟೆಗೇ ಮಜ್ಜಿಗೆ ಬಿಡುತ್ತಾ.

"ನಮ್ಮನೆಯವ್ರು ತೆಂಗಿನ ಮಟ್ಟೆ ಕಂಡ್ರೂ ಹಾವು ಅಂತಾರೆ ಕಣಕ್ಕ. ನೆನ್ನೆ ಪಂಪಿನ ಪೈಪು ನೋಡಿ ಕಿರುಚ್ಕೊಂಡು ಬಂದ್ಬಿಟ್ರು."

ಪೈಪು ಕಪ್ಪಗಿತ್ತು, ಒದ್ದೆಯಾಗಿತ್ತು, ನೆರಳಿನಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಯಾರಾದರೂ ಕಿರುಚುತ್ತಿದ್ದರು. ನಾನು ಕಿರುಚಲೂ ಇಲ್ಲ, ಸ್ವಲ್ಪ ಗಟ್ಟಿಯಾಗಿ ಕರೆದೆ, ಅಷ್ಟೆ. ಇದನ್ನೆಲ್ಲ ವಿವರಿಸೋಣವೆಂದು ಬಾಯಿ ತೆರೆದರೆ ಅಷ್ಟರಲ್ಲಿ ಅಕ್ಕತಂಗಿಯರ ಮಾತು ನನ್ನನ್ನು ದಾಟಿ ಬೇರೆ ಕಡೆಗೆ ಹೋಗಿತ್ತು. ನಮ್ಮ ಮನೆಯಲ್ಲಿ ನನ್ನ ಮಾನ ಹೋಗುವುದಕ್ಕೆ ಇರುವಷ್ಟು ಸಮಯ ಅದನ್ನು ವಾಪಸು ತರುವುದಕ್ಕೆ ಇರುವುದಿಲ್ಲ.

ಅಜ್ಜಂಪುರದಿಂದ ತರೀಕೆರೆಗೆ ಹೋಗುವ ರಸ್ತೆಯ ಮಗ್ಗುಲಿಗೆ ನಮ್ಮದೊಂದು ಪುಟ್ಟ ಜಮೀನು. ಅರ್ಧ ತೆಂಗು, ಅರ್ಧ ಖುಷ್ಕಿ, ನಡುವೆ ಮನೆ. ತೆಂಗಿನ ಕಡೆ ಮಟ್ಟೆ, ಸೋಗೆ, ಸಿಪ್ಪೆಯ ರಾಶಿ. ಅಲ್ಲಿ ಹಾವುಗಳ ಸಂಸಾರ. ಖುಷ್ಕಿಯ ಕಡೆ ಕಡಲೆಕಾಯಿ, ಹುರುಳಿ. ಅಲ್ಲಿಗೆ ಗುಡ್ಡದಿಂದ ನವಿಲುಗಳ ಹಿಂಡು. ಬಿತ್ತಿದ ಬೀಜವನ್ನು ನವಿಲು ಕೆದಕಿ ತಿನ್ನುತ್ತಿದ್ದರೆ ಕಲ್ಲು ಹೊಡೆಯೋಣವೆಂದರೆ ದಾಕ್ಷಾಯಣಿ ಕೈ ಹಿಡಿದುಕೊಳ್ಳುತ್ತಿದ್ದಳು. ಸುಬ್ರಹ್ಮಣ್ಯನ ವಾಹನವಂತೆ. ಹಾಗಾಗಿ ಆ ಕಾಲದಲ್ಲಿ, ಅಂದರೆ ಎಂಬತ್ತೆರಡು ಎಂಬತ್ತಮೂರರಲ್ಲಿ, ನನ್ನ ಅರ್ಧ ಜಮೀನು ಹಾವಿಗೆ, ಅರ್ಧ ನವಿಲಿಗೆ ಸೇರಿತ್ತು. ಖಾತೆ ಮಾತ್ರ ನನ್ನ ಹೆಸರಿನಲ್ಲಿತ್ತು.

ಎಮ್ಮೆಗೆ ಹೊಟ್ಟೆ ಉಬ್ಬರವೆಂದು ತರೀಕೆರೆಯಿಂದ ಬಂದ ಪಶುವೈದ್ಯರ ಹತ್ತಿರ ನನ್ನ ಕಷ್ಟ ಹೇಳಿಕೊಂಡೆ. ಅವರು ನಗಲಿಲ್ಲ. ದೊಡ್ಡ ಮನುಷ್ಯರು.

"ಗಿನಿಕೋಳಿ ಸಾಕಿ ಓಂಕಾರಮೂರ್ತಿಯವರೆ. ಹಾವು ಕಂಡ್ರೆ ಸುತ್ತಗಟ್ಟಿಕೊಂಡು ಕೂಗ್ತವೆ. ಹಾವು ಆ ಗಲಾಟೆಗೇ ಜಾಗ ಬಿಟ್ಟುಹೋಗ್ತದೆ. ಗೆದ್ದಲು, ಉಣ್ಣೆಹುಳ ಎಲ್ಲಾ ತಿಂತವೆ, ನಿಮ್ಮ ನಾಟಿಕೋಳಿ ಹಾಗೆ ಪಾತಿ ಕೆದಕಲ್ಲ. ಹೊಸಬರು ಬಂದ್ರಂತೂ ಊರಿಗೆಲ್ಲ ಕೇಳೋ ಹಾಗೆ ಕೂಗ್ತವೆ."

ಸಂಬಳ ಕೇಳದ ಕಾವಲುಗಾರ, ಗೊಬ್ಬರ ಕೊಡುವ ಪೊಲೀಸು. ಇದಕ್ಕಿಂತ ಪ್ರಗತಿಪರ ಯೋಜನೆ ಇನ್ನೇನು ಬೇಕು? ಇದ್ದದ್ದು ಒಂದೇ ದೋಷ. ಆ ಹಕ್ಕಿಯ ಹೆಸರಿನ ಕೊನೆಗೆ 'ಕೋಳಿ' ಎಂದಿತ್ತು.

ನಾವು ಲಿಂಗ ಕಟ್ಟಿಕೊಂಡವರು. ನಮ್ಮ ಮನೆಗಳಲ್ಲಿ ದನ ಇರಬಹುದು, ನಾಯಿ ಬೆಕ್ಕು ಇರಬಹುದು, ಮೊಲ ಕೂಡ ಇರಬಹುದು. ಕೋಳಿ ಮಾತ್ರ ಅಂಗಳಕ್ಕೆ ಬಂದರೆ ಹುಶ್ ಅನ್ನಬೇಕು. ಕೋಳಿ ಇದೆ ಅಂದರೆ ಮೊಟ್ಟೆ ಇದೆ, ಮೊಟ್ಟೆ ಇದೆ ಅಂದರೆ... ಮುಂದಿನದನ್ನು ಊರಿನವರು ತಾವೇ ಪೂರ್ತಿ ಮಾಡಿಕೊಳ್ಳುತ್ತಾರೆ. ಅದರ ಮೇಲೆ ದಾಕ್ಷಾಯಣಿಗೆ ಆಗ ಒಂದೇ ಆಸೆ: ನಮ್ಮ ಮಠದ ಸ್ವಾಮಿಗಳು ನಮ್ಮ ಮನೆಗೆ ಬಂದು ಪಾದಪೂಜೆ ಮಾಡಿಸಿಕೊಳ್ಳಬೇಕು. ಅವಳ ಅಕ್ಕನ ಮನೆಯಲ್ಲಿ ಅದು ಎರಡೆರಡು ಸಲ ಆಗಿಹೋಗಿತ್ತು. ಮಲ್ಲಿಕಾಂಬ ಬಂದಾಗಲೆಲ್ಲ "ಬುದ್ಧಿಯವ್ರು ನಮ್ಮನೇಲಿ ಪಾಯಸ ಇನ್ನೊಂದ್ಸಲ ಬಡಿಸ್ಕೊಂಡ್ರು" ಎನ್ನದೆ ಹೋದವಳಲ್ಲ. ದಾಕ್ಷಾಯಣಿ ಆ ದಿನಕ್ಕಾಗಿ ಒಂದು ಹಿತ್ತಾಳೆ ಹರಿವಾಣವನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಬಟ್ಟೆ ಸುತ್ತಿ, ಅಟ್ಟದ ಮೇಲೆ ಇಟ್ಟಿದ್ದಳು. ಪ್ರತಿ ಹಬ್ಬಕ್ಕೂ ಇಳಿಸಿ ಮತ್ತೆ ಬೆಳಗಿ ಮತ್ತೆ ಮೇಲಿಡುತ್ತಿದ್ದಳು. ಅದನ್ನು ನೋಡಿದರೆ ನನಗೆ ನಿಜವಾಗಿ ಪಾಪ ಅನ್ನಿಸುತ್ತಿತ್ತು. ಆದರೂ ಹಾವು ಹಾವೇ.

ವೈದ್ಯರು ಹೇಳಿದ ಕಡೆ ಹೋಗಿ ಗಿನಿಕೋಳಿಯ ಮೊಟ್ಟೆಗಳನ್ನು ಹೊಟ್ಟಿನ ನಡುವೆ ಜೋಡಿಸಿ, ಬೆತ್ತದ ಬುಟ್ಟಿಯಲ್ಲಿಟ್ಟು, ಮೇಲೆ ಬಿಳೀ ಪಂಚೆ ಮುಚ್ಚಿ, ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಅಜ್ಜಂಪುರದ ಬಸ್ಸು ಹತ್ತಿದೆ. ಬುಟ್ಟಿ ತೊಡೆಯ ಮೇಲೆ. ಕಿಟಕಿಯ ಪಕ್ಕ ಸೀಟು. ಎಲ್ಲ ಸರಿಯಾಗಿತ್ತು. ಬಸ್ಸು ಹೊರಡುವ ಹೊತ್ತಿಗೆ ಓಡಿಬಂದು ನನ್ನ ಪಕ್ಕದಲ್ಲೇ ಕೂತವರು ಮಲ್ಲಿಕಾರ್ಜುನಯ್ಯ. ನಮ್ಮ ಮಠದ ಪಾರುಪತ್ಯ ಅವರದೇ. ಸ್ವಾಮಿಗಳು ಯಾರ ಮನೆಗೆ ಹೋಗಬೇಕು, ಯಾರ ಮನೆಗೆ ಹೋಗಬಾರದು ಎಂದು ಮೊದಲು ನೋಡಿ ಬರುವವರೂ ಅವರೇ.

"ಏನು ಓಂಕಾರಮೂರ್ತಿ, ಮಗು ಹಿಡ್ಕೊಂಡಂಗೆ ಹಿಡ್ಕೊಂಡಿದೀಯಲ್ಲ, ಏನಿದೆ ಬುಟ್ಟೀಲಿ?"

ಆ ಕ್ಷಣದಲ್ಲಿ ನಿಂಬೆಹಣ್ಣು ಎನ್ನಬಹುದಿತ್ತು. ಆಲೂಗೆಡ್ಡೆ ಎನ್ನಬಹುದಿತ್ತು. ನನ್ನ ಕಣ್ಣು ಅವರ ಹಣೆಯ ಮೇಲಿತ್ತು. ಬಾಯಿಂದ ಬಂದದ್ದು, "ವಿಭೂತಿ ಉಂಡೆ, ಅಯ್ಯನವರೆ."

ಮಲ್ಲಿಕಾರ್ಜುನಯ್ಯ ಎರಡೂ ಕೈಯಿಂದ ಬುಟ್ಟಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮುಂದಿನ ಸೀಟಿನ ಹೆಂಗಸೊಬ್ಬಳು ತಿರುಗಿ ಅವಳೂ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕಂಡಕ್ಟರ್ ಟಿಕೆಟ್ ಹರಿಯುವ ಮುಂಚೆ ಒಂದು ಸಲ ಮುಟ್ಟಿದ.

"ಇಷ್ಟೊಂದು ಯಾಕಪ್ಪ? ನಂಗೊಂದು ಉಂಡೆ ಕೊಡು, ಮನೇಲಿ ಮುಗಿದುಹೋಗಿದೆ."

"ಹರಕೆಯದು ಅಯ್ಯನವರೆ. ಎಣಿಸಿ ತಂದಿರೋದು. ಒಂದು ಕಮ್ಮಿಯಾದ್ರೂ ಅವಳು ಬಿಡಲ್ಲ."

"ನಿನ್ನ ಹೆಂಡ್ತಿ ಪುಣ್ಯವಂತೆ ಬಿಡು," ಎಂದು ಅವರು ಊರು ಬರುವ ತನಕ ನನ್ನ ಭಕ್ತಿಯನ್ನು ಕೊಂಡಾಡಿದರು. ರಸ್ತೆಯ ಪ್ರತಿಯೊಂದು ಗುಂಡಿಯಲ್ಲೂ ನಾನು ಬುಟ್ಟಿಯ ಜೊತೆಗೆ ಎದ್ದು ಕೂತೆ. ಅದನ್ನೂ ಅವರು ಭಕ್ತಿಯೆಂದೇ ತಿಳಿದುಕೊಂಡರು.

ಮೊಟ್ಟೆ ತಂದರೆ ಆಗಲಿಲ್ಲ, ಕಾವು ಕೊಡಬೇಕು. ನಾನು ಕೂತು ಕೊಡುವ ಹಾಗಿಲ್ಲ. ನಮ್ಮ ಜಮೀನಿನ ಆಚೆ ಬದುವಿಗೆ ಕೆಂಚಮ್ಮನ ಮನೆ. ಅವಳಲ್ಲಿ ಬೇಕಾದಷ್ಟು ಕೋಳಿ. ಕಾವಿಗೆ ಕೂತಿದ್ದ ಒಂದು ಹೇಟೆಯನ್ನು, ಕೆಲಸ ಮುಗಿದ ಮೇಲೆ ವಾಪಸು ಕೊಡುವ ಮಾತಿನ ಮೇಲೆ, ಅವಳು ಸೆರಗಿನಲ್ಲಿ ಮುಚ್ಚಿ ತಂದು ನಮ್ಮ ಪಂಪ್‌ಮನೆಯ ಮೂಲೆಯಲ್ಲಿ ಕೂರಿಸಿಕೊಟ್ಟಳು. "ಗೌಡ್ರೇ, ಕೋಳಿಗೆ ದಿನಾ ಕಾಳು ನೀರು ಇಡಿ, ಮೊಟ್ಟೆ ಹತ್ರ ಹೋಗ್ಬೇಡಿ, ಅದು ನಿಮಗಿಂತ ಚೆನ್ನಾಗಿ ನೋಡ್ಕೊತದೆ," ಎಂದಳು.

ದಾಕ್ಷಾಯಣಿ ಮೋಟರು ಹಾಕಲು ಪಂಪ್‌ಮನೆಗೆ ಹೋದದ್ದು ಮೂರನೆಯ ದಿನವೋ ನಾಲ್ಕನೆಯ ದಿನವೋ. ಹೇಟೆ ಕುಕ್ಕಿದ್ದು ಅವಳ ಕಾಲಿಗೆ, ಕೂಗಿಸಿಕೊಂಡದ್ದು ನಾನು.

"ರೀ! ಒಳಗೆ ಕೋಳಿ ಕೂತಿದೆ ಕಣ್ರೀ!"

"ಅದು ನಮ್ಮದಲ್ಲ ಕಣೇ, ಕೆಂಚಮ್ಮಂದು."

"ಅದರ ಕೆಳಗಿರೋ ಮೊಟ್ಟೆ?"

"...ನಮ್ಮದು."

ಅವಳು ತಲೆಗೆ ಕೈ ಹೊತ್ತು ಸ್ಟಾರ್ಟರಿನ ಪಕ್ಕದಲ್ಲೇ ಕೂತುಬಿಟ್ಟಳು. "ಅಯ್ಯನವ್ರಿಗೆ ಗೊತ್ತಾದ್ರೆ ಬುದ್ಧಿಯವ್ರು ನಮ್ಮ ರಸ್ತೇಲೂ ಬರಲ್ಲ. ಅಕ್ಕ ಇನ್ನು ನನ್ನ ಉಳಿಸ್ತಾಳಾ? ಮೊಟ್ಟೆ ಮನೆ ದಾಕ್ಷಾಯಣಿ ಅಂತಾರೆ!"

"ಇವು ಕೋಳಿ ಅಲ್ಲ ಕಣೇ. ನವಿಲಿನ ದಾಯಾದಿಗಳು. ಡಾಕ್ಟ್ರೇ ಹೇಳಿದ್ದಾರೆ." (ಡಾಕ್ಟರು ಹೇಳಿದ್ದು ಎರಡೂ ದೂರದ ಸಂಬಂಧ ಎಂದು. ದಾಯಾದಿ ಎನ್ನುವುದನ್ನು ನಾನು ಸೇರಿಸಿದೆ. ನಮ್ಮ ಕಡೆ ದಾಯಾದಿಗಳೂ ದೂರವೇ ತಾನೆ?) ಜೊತೆಗೆ ಅವಳನ್ನು ನಗಿಸಿದರೆ ಕೋಪ ಇಳಿದೀತೆಂದು ಬಸ್ಸಿನಲ್ಲಿ ನಡೆದ ವಿಭೂತಿಯ ಪ್ರಸಂಗವನ್ನೂ ಹೇಳಿದೆ. ಅವಳು ನಗಲಿಲ್ಲ. ಆದರೆ ಮರೆಯಲೂ ಇಲ್ಲ.

ಮರಿಗಳೇನೋ ಆದವು. ಪಟ್ಟೆ ಪಟ್ಟೆ ತಲೆಯ, ಕೆಂಪು ಕಾಲಿನ, ಅಂಗೈಯಗಲದ ಮರಿಗಳು. ಅವುಗಳ ನಡುವೆ ಒಂದು ಮಾತ್ರ ಎತ್ತರದ ಕಾಲಿನದು, ಮಾಸಲು ಬಣ್ಣ, ಉದ್ದ ಕುತ್ತಿಗೆ. ಕೆಂಚಮ್ಮನನ್ನು ಕರೆದು ಕೇಳಿದೆ.

"ಅದಾ ಗೌಡ್ರೇ? ಹುರುಳಿ ಹೊಲದಲ್ಲಿ ಎರಡು ನವಿಲಿನ ಮೊಟ್ಟೆ ಬಿದ್ದಿತ್ತು, ನಾಯಿ ಬಾಯಿಗೆ ಹೋಗ್ತದಲ್ಲ ಅಂತ ತಂದು ಇದರ ಕೆಳಗೇ ಸೇರಿಸ್ದೆ. ಒಂದು ಕೊಳೀತು. ಒಂದು ಬಂದೈತೆ. ಪಾಪ, ಇರ್ಲಿ ಬಿಡಿ."

ದಾಕ್ಷಾಯಣಿ ಅಂದಿನಿಂದ ಬದಲಾದಳು. ಗಿನಿಕೋಳಿಗಳ ಮುಖ ನೋಡದವಳು ನವಿಲಿನ ಮರಿಗೆ ಕಡಲೆಬೇಳೆ ನೆನೆಸಿ ಹಾಕಿದಳು, ಗೆದ್ದಲು ಹುತ್ತ ಒಡೆಸಿ ತಂದಳು (ಒಡೆದವನು ನಾನು, ಹುತ್ತದಲ್ಲಿ ಗೆದ್ದಲು ಮಾತ್ರ ಇರುತ್ತದೆ ಎಂದು ಯಾರೂ ಭರವಸೆ ಕೊಡಲಿಲ್ಲ). ಅದಕ್ಕೆ ಷಣ್ಮುಖ ಎಂದು ಹೆಸರಿಟ್ಟಳು. ಗಿನಿಕೋಳಿಗಳಿಗೆ ಹೆಸರೇ ಇಲ್ಲ. ಎಲ್ಲಕ್ಕೂ ಸೇರಿ 'ಅವು'.

ವರ್ಷ ಕಳೆಯುವಷ್ಟರಲ್ಲಿ 'ಅವು' ಬೂದಿ ಬಣ್ಣದ ಮೈಮೇಲೆ ಬಿಳಿ ಚುಕ್ಕೆ ಇಟ್ಟುಕೊಂಡು ದುಂಡಗಾದವು. ಡಾಕ್ಟರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಾಗಲಿಲ್ಲ. ಹಾವುಗಳು ಸಂಸಾರ ಸಮೇತ ಆಚೆ ತೋಟಕ್ಕೆ ಹೋದವು. ಆದರೆ ಹೊಸಬರನ್ನು ಕಂಡರೆ ಕೂಗುತ್ತವೆ ಎಂದು ಅವರು ಹೇಳಿದ್ದರಲ್ಲ, ಆ 'ಹೊಸಬರು' ಎನ್ನುವ ಮಾತಿನ ವ್ಯಾಪ್ತಿಯನ್ನು ನಾನು ಸರಿಯಾಗಿ ಗ್ರಹಿಸಿರಲಿಲ್ಲ. ಹೊಸ ಬಕೀಟು ಬಂದರೂ ಕೂಗಿದವು. ಕರುವಿಗೆ ಹೊಸ ಗಂಟೆ ಕಟ್ಟಿದರೂ ಕೂಗಿದವು. ದಾಕ್ಷಾಯಣಿ ಗೌರಿಹಬ್ಬಕ್ಕೆ ಹಸಿರು ಸೀರೆ ಉಟ್ಟು ಹೊರಗೆ ಬಂದರೆ ಅವಳನ್ನು ಒಳಗೆ ಓಡಿಸುವ ತನಕ ಕೂಗಿದವು. ಆ ಕೂಗು ಎಣ್ಣೆ ಕಾಣದ ಬಾವಿಯ ರಾಟೆಯ ಹಾಗೆ: ಕ್ರ್ಯಾಂ, ಕ್ರ್ಯಾಂ, ಕ್ರ್ಯಾಂ. ಷಣ್ಮುಖ ಅವುಗಳ ಜೊತೆಯಲ್ಲೇ ಬೆಳೆದವನಾದ್ದರಿಂದ ತಾನೂ ಅವರಲ್ಲೊಬ್ಬ ಎಂದು ತಿಳಿದಿದ್ದ. ಅವು ಸುರು ಮಾಡಿದರೆ ಅವನು ತನ್ನ ದೊಡ್ಡ ದನಿಯಲ್ಲಿ ಮುಗಿಸುತ್ತಿದ್ದ.

ಅವು ಒಪ್ಪಿಕೊಂಡಿದ್ದ ಮನುಷ್ಯ ಪ್ರಾಣಿ ನಾನೊಬ್ಬನೆ. ನಾನೆಂದರೆ ನಾನಲ್ಲ, ತಲೆಗೆ ಸುತ್ತಿದ ನನ್ನ ಕೆಂಪು ಚೌಕಳಿ ಟವಲು ಮತ್ತು ತೂತು ಬಿದ್ದ ಬನಿಯನ್ನು. ಆ ವೇಷದಲ್ಲಿ ಮೊರ ಹಿಡಿದು "ಬಾ ಬಾ" ಎಂದರೆ ಸಾಲಾಗಿ ನನ್ನ ಹಿಂದೆ ಬರುತ್ತಿದ್ದವು. ಮದುವೆಯಾದಾಗಿನಿಂದ ನನ್ನ ಮಾತಿಗೆ ಯಾರಾದರೂ ಸಾಲಾಗಿ ಬಂದಿದ್ದರೆ ಅವೇ. ಅದಕ್ಕೇ ಅವುಗಳನ್ನು ಬಿಟ್ಟುಕೊಡಲು ನನಗೆ ಮನಸ್ಸು ಬರಲಿಲ್ಲ.

ಆ ವರ್ಷ ಕಾರ್ತಿಕಕ್ಕೆ ಮುಂಚೆ ಮಲ್ಲಿಕಾರ್ಜುನಯ್ಯ ನಮ್ಮ ಮನೆಗೆ ಬಂದರು. "ಬುದ್ಧಿಯವ್ರು ಅಮೃತಾಪುರದ ಕಡೆ ದಯಮಾಡಿಸ್ತಾರೆ. ಸೋಮವಾರದ ಪೂಜೆ ನಿಮ್ಮನೇಲಿ ಇಟ್ಕೊಳ್ಳೋಣ ಅಂತ. ಅಷ್ಟೊಂದು ವಿಭೂತಿ ಹರಕೆ ಹೊತ್ತ ಮನೆ." ದಾಕ್ಷಾಯಣಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಟ್ಟಕ್ಕೆ ಏಣಿ ಇಟ್ಟಳು. ಅಷ್ಟರಲ್ಲಿ ಹೊರಗೆ ರಾಟೆ ಸುರುವಾಯಿತು.

"ಏನಪ್ಪ ಇವು?" ಎಂದರು ಅಯ್ಯನವರು, ಅಂಗಳಕ್ಕಿಳಿದು.

ನಾನು ಹೆಂಡತಿಯ ಮುಖ ನೋಡಿದೆ. ಅವಳು ಏಣಿಯ ಮೇಲಿಂದಲೇ ನನ್ನನ್ನು ನೋಡಿದಳು. ಆ ನೋಟದಲ್ಲಿ ಇಡೀ ನಮ್ಮ ಸಂಸಾರವಿತ್ತು.

"ನವಿಲು ಅಯ್ಯನವರೆ. ಮರಿಗಳು. ಬಣ್ಣ ಆಮೇಲೆ ಬರ್ತದೆ. ಅಗೋ ನೋಡಿ, ಅದಕ್ಕೆ ಆಗಲೇ ಕತ್ತು ನೀಲಿಯಾಗಿದೆ."

"ಆಹಾ! ಸುಬ್ರಹ್ಮಣ್ಯನೇ ಬಂದು ಇದಾನೆ ನಿಮ್ಮನೇಲಿ," ಎಂದು ಅವರು ಹರುಷದಿಂದ ಹೋದರು. ಹೋದವರು ಸುಮ್ಮನಿರಬಾರದೆ? ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತಾ, ಓಂಕಾರಮೂರ್ತಿ ಒಂದು ಹಿಂಡು ನವಿಲು ಸಾಕಿದ್ದಾನೆ ಎಂದು ಕೊಂಡಾಡಿದರು. ಪಕ್ಕದ ಬೆಂಚಿನಲ್ಲಿ ಬೋಂಡ ತಿನ್ನುತ್ತಿದ್ದವನು ಫಾರೆಸ್ಟ್ ಗಾರ್ಡ್ ಉಗ್ರಪ್ಪ.

ಉಗ್ರಪ್ಪ ಹೆಸರಿಗೆ ಮಾತ್ರ ಉಗ್ರ. ಮೆತ್ತಗೆ ಸೈಕಲ್ ನಿಲ್ಲಿಸಿ, ಮೆತ್ತಗೆ ಕೇಳಿದ. "ಗೌಡ್ರೇ, ನವಿಲು ಸಾಕಿದ್ದೀರಂತೆ. ರಾಷ್ಟ್ರಪಕ್ಷಿ ಅದು. ಕೂಡಿ ಹಾಕ್ಕೊಂಡ್ರೆ ಕೇಸಾಗ್ತದೆ, ಜೈಲೂ ಆಗ್ಬೋದು."

"ಯಾರಪ್ಪ ಹೇಳಿದ್ದು? ಇವು ಕೋಳಿ ಕಣಪ್ಪ, ಗಿನಿಕೋಳಿ. ನೋಡು ಚುಕ್ಕೆ."

"ನೀಲಿ ಕತ್ತಿಂದು?"

"ಅದು... ಹುಂಜ."

ಉಗ್ರಪ್ಪ ಬಹಳ ಹೊತ್ತು ಹುಂಜವನ್ನು ನೋಡಿದ. ಹುಂಜ ಅವನನ್ನು ನೋಡಿ ಬೆಟ್ಟಕ್ಕೆ ಕೇಳುವ ಹಾಗೆ "ಮಿಯಾಂವ್" ಎಂದಿತು. "ಸರಿ ಗೌಡ್ರೇ. ಸೋಮವಾರ ಬುದ್ಧಿಯವ್ರು ಬತ್ತಾರಂತಲ್ಲ, ನಾವೂ ಅದೇ ಮಠದ ಒಕ್ಕಲು. ದರ್ಶನಕ್ಕೆ ಬತ್ತೀನಿ, ಆವಾಗ ಇನ್ನೊಂದ್ಸಲ ನೋಡ್ತೀನಿ," ಎಂದು ಸೈಕಲ್ ಹತ್ತಿದ.

ನನ್ನ ಪರಿಸ್ಥಿತಿ ನಿಮಗೆ ಅರ್ಥವಾಗಿರಬೇಕು. ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಹಕ್ಕಿಯನ್ನು ಹೇಳಿಕೊಳ್ಳುವ ಹಾಗಿಲ್ಲ. ಹೇಳಿಕೊಳ್ಳಬಹುದಾದ ಹಕ್ಕಿಯನ್ನು ಇಟ್ಟುಕೊಳ್ಳುವ ಹಾಗಿಲ್ಲ. ಅಯ್ಯನವರಿಗೆ ಎಲ್ಲವೂ ನವಿಲು, ಸರ್ಕಾರಕ್ಕೆ ಎಲ್ಲವೂ ಕೋಳಿ. ಇಬ್ಬರೂ ಒಂದೇ ಹೊತ್ತಿಗೆ ಒಂದೇ ಚಪ್ಪರದ ಕೆಳಗೆ ಕೂರುತ್ತಾರೆ.

"ಅವತ್ತು ಬೆಳಿಗ್ಗೆ ಎಲ್ಲಾನೂ ಪಂಪ್‌ಮನೆಗೆ ಕೂಡಿ ಬೀಗ ಹಾಕ್ಬಿಡ್ತೀನಿ," ಎಂದೆ.

"ಷಣ್ಮುಖನ್ನೂ?"

"ಅವನನ್ನೇ ಮೊದಲು."

"ಕೂಗಿದ್ರೆ?"

"ಮೋಟರು ಹಾಕ್ತೀನಿ. ಮೋಟರ್ ಸದ್ದಲ್ಲಿ ಯಾರಿಗೆ ಕೇಳುತ್ತೆ?"

ದಾಕ್ಷಾಯಣಿ ನನ್ನ ಕೈ ಹಿಡಿದುಕೊಂಡು ಹೇಳಿದಳು, "ನೋಡಿ, ನಾನು ನಿಮ್ಮನ್ನ ಏನೂ ಕೇಳಿಲ್ಲ. ಇದೊಂದು ದಿನ ನನ್ನ ಮಾನ ಉಳಿಸ್ಕೊಡಿ. ಕೆಟ್ಟುಹೋದ್ರೆ ಆ ಕೋಳಿಗಳು ಮನೇಲಿರಲ್ಲ, ಹೇಳಿದೀನಿ." ಏನೂ ಕೇಳಿಲ್ಲ ಎನ್ನುವುದು ನಿಜವಲ್ಲ. ಆದರೆ ಈ ಸಲ ಕೇಳಿದ ರೀತಿಗೆ ನಾನು ಆಗಲೇ ಹೋಗಿ ಪಂಪ್‌ಮನೆಯ ಬೀಗಕ್ಕೆ ಎಣ್ಣೆ ಬಿಟ್ಟು ಬಂದೆ.

ಸೋಮವಾರ ಬಂತು. ಅಂಗಳಕ್ಕೆ ಸೋಗೆಯ ಚಪ್ಪರ, ಮಾವಿನ ತೋರಣ. ಬೆಳಗಾಗುತ್ತಲೇ ಮಲ್ಲಿಕಾಂಬ ಬಂದು ಹರಿವಾಣವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕಡೂರಿನಿಂದ ಫೋಟೋಗ್ರಾಫರೂ ಬಂದ. ನಾನು ಟವಲು ಸುತ್ತಿ, ಮೊರ ಹಿಡಿದು ಹೊರಡಬೇಕು, ಒಳಗಿನಿಂದ ಕೂಗು ಬಂತು.

"ರೀ, ಹಂಡೆ ನೀರು ಆರಿಹೋಗ್ತಾ ಇದೆ, ಮೊದಲು ಸ್ನಾನ ಮಾಡ್ಕೊಂಡು ಬನ್ನಿ! ಆಮೇಲೆ ನೀರಿಲ್ಲ!"

ನಮ್ಮ ಮನೆಯಲ್ಲಿ ಇಂಥ ಕೂಗಿಗೆ ಎದುರು ಹೇಳುವ ಸಂಪ್ರದಾಯ ಇಲ್ಲ. ಸ್ನಾನ ಮಾಡಿದೆ. ರೇಷ್ಮೆ ಮಡಿ ಉಟ್ಟೆ, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ, ಹಳದಿ ಶಲ್ಯ ಹೊದ್ದು, ಕನ್ನಡಿಯಲ್ಲಿ ನೋಡಿಕೊಂಡೆ. ಸಾಕ್ಷಾತ್ ಶಿವಶರಣನ ಹಾಗೆ ಕಂಡೆ. ಶರಣನ ಕಣ್ಣು ಕಿಟಕಿಯ ಹೊರಗೆ ಹೋಯಿತು. ಹಕ್ಕಿಗಳು ಚಪ್ಪರದ ಕೆಳಗೆ, ಸ್ವಾಮಿಗಳಿಗೆ ಹಾಸಿದ ಜಮಖಾನದ ಮೇಲೆ ನಡೆದಾಡುತ್ತಿದ್ದವು.

"ಅಯ್ಯೋ, ಇನ್ನೂ ಕೂಡಿಲ್ವಾ?" ಎಂದಳು ದಾಕ್ಷಾಯಣಿ.

"ನೀನೇ ಸ್ನಾನಕ್ಕೆ ಕಳಿಸಿದ್ದು!"

"ಕೂಡಿ ಬಂದು ಸ್ನಾನ ಮಾಡ್ಬೇಕು ಅನ್ನೋದು ನಿಮಗೆ ಗೊತ್ತಾಗ್ಬಾರ್ದಾ? ಈಗ ಮಡೀಲಿ ಕೋಳಿ ಮುಟ್ತೀರಾ? ಅಕ್ಕ ನೋಡ್ತಾ ಇದಾಳೆ!"

"ಮಡಿ ಬಿಚ್ಚಿ ಹಳೇ ಬಟ್ಟೆ ಹಾಕ್ಕೊತೀನಿ."

"ಮತ್ತೆ ಸ್ನಾನಕ್ಕೆ ನೀರು? ಹಂಡೇಲಿ ಪಾಯಸದ ಪಾತ್ರೆ ಬಿಸಿಗಿಟ್ಟಾಯ್ತು. ಮುಟ್ಟದೆ ಕರ್ಕೊಂಡ್ಹೋಗಿ."

ಕೆಂಚಮ್ಮನನ್ನು ಕರೆಯೋಣವೆಂದರೆ ಅವಳು ಅವತ್ತು ತವರಿಗೆ ಹೋಗಿದ್ದಳು. ಪಂಪ್‌ಮನೆಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊರದಲ್ಲಿ ಜೋಳ ತುಂಬಿ, ಮಡಿಯಲ್ಲೇ ಅಂಗಳಕ್ಕಿಳಿದೆ. "ಬಾ ಬಾ," ಎಂದೆ, ಎಂದಿನ ಪ್ರೀತಿಯಿಂದ.

ಹಕ್ಕಿಗಳು ತಲೆ ಎತ್ತಿದವು. ಬೆಳಗಿನ ಬಿಸಿಲಿಗೆ ನನ್ನ ರೇಷ್ಮೆ ಫಳಫಳ ಎನ್ನುತ್ತಿತ್ತು. ಬರಿಯ ಮೈ, ಬಿಳಿ ಪಟ್ಟೆ, ಗಾಳಿಗೆ ಹಾರುವ ಹಳದಿ ಶಲ್ಯ. ಇಂಥ ಪ್ರಾಣಿಯನ್ನು ಅವು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಎಲ್ಲವೂ ಒಟ್ಟಿಗೆ ಕ್ರ್ಯಾಂ ಎಂದವು. ನಾನು ಮುಂದೆ ಹೋದೆ, ಅವು ಹಿಂದೆ ಹೋದವು. ಶಲ್ಯ ಬೀಸಿದೆ. ಹಾರಿ ಚಪ್ಪರ ಹತ್ತಿದವು. ಗಳ ತಂದು ಚಪ್ಪರದ ಮೇಲೆ ಆಡಿಸಿದೆ. ಷಣ್ಮುಖ ಮೇಲಿಂದ ಹಾರಿ ನನ್ನ ಹೆಗಲಿಗೆ ಕಾಲು ಕೊಟ್ಟು, ತಲೆಯ ಮೇಲೆ ಎರಡು ಸಲ ಕುಕ್ಕಿ, ಮತ್ತೆ ಮೇಲೆ ಹೋದ. ಯಾವನೋ ಕಳ್ಳ ಬಂದು ಯಜಮಾನನ ಮೊರ ಕದ್ದಿದ್ದಾನೆ ಎಂದು ಅವನ ತಿಳುವಳಿಕೆ. ನಿಯತ್ತಿನ ಹಕ್ಕಿ. ನಾನು ಗಳ ಎತ್ತಿ ನಿಂತಿರುವಾಗಲೇ ಸ್ವಾಮಿಗಳ ಅಂಬಾಸಿಡರ್ ಕಾರು ಗೇಟಿನಲ್ಲಿ ನಿಂತಿತು.

ಕಾರಿಗೂ ಕೂಗಿದವು, ಸ್ವಾಮಿಗಳಿಗೂ ಕೂಗಿದವು, ಹಿಂದೆ ಸೈಕಲ್ಲಿನಲ್ಲಿ ಬಂದ ಉಗ್ರಪ್ಪನಿಗೂ ಕೂಗಿದವು. ಆದರೆ ಅವರೆಲ್ಲ ತಮ್ಮ ಪಾಡಿಗೆ ತಾವು ಬಂದು ಕೂತರು, ಯಾರೂ ಗಳ ತೋರಿಸಲಿಲ್ಲ. ಹಾಗಾಗಿ ಸ್ವಲ್ಪ ಹೊತ್ತಿಗೆ ಹಕ್ಕಿಗಳು ಸುಮ್ಮನಾದವು. ಪಾದಪೂಜೆ ಸುರುವಾಯಿತು. ಸ್ವಾಮಿಗಳ ಪಾದದ ಕೆಳಗೆ ಹರಿವಾಣ, ಪಕ್ಕದಲ್ಲಿ ತಂಬಿಗೆ ಹಿಡಿದ ದಾಕ್ಷಾಯಣಿ. ನಾನು ಹೋಗಿ ಮಣೆಯ ಮೇಲೆ ಕೂರಬೇಕು. ಎರಡು ಹೆಜ್ಜೆ ಇಟ್ಟೆ. ಕ್ರ್ಯಾಂ! ಹಿಂದಕ್ಕೆ ಬಂದೆ. ಸದ್ದಿಲ್ಲ. ಮತ್ತೆ ಹೋದೆ. ಕ್ರ್ಯಾಂ, ಕ್ರ್ಯಾಂ, ಮಿಯಾಂವ್!

ಮಂತ್ರ ನಿಂತಿತು. ಸ್ವಾಮಿಗಳು ಮೇಲೆ ನೋಡಿದರು. "ಏನು ಪಕ್ಷಿ ಇವು?"

"ನವಿಲು ಬುದ್ಧಿ," ಎಂದರು ಮಲ್ಲಿಕಾರ್ಜುನಯ್ಯ ಮುಂದೆ ಬಂದು. "ಈ ಮನೇಲಿ ಭಕ್ತಿಯಿಂದ ನವಿಲು ಸಾಕಿದ್ದಾರೆ."

"ನನಗೆ ಕೋಳಿ ಅಂದಿದ್ರಲ್ಲ ಗೌಡ್ರೇ?" ಎಂದ ಉಗ್ರಪ್ಪ, ಮೆತ್ತಗೆ.

ಚಪ್ಪರದ ಕೆಳಗಿದ್ದ ಕಣ್ಣುಗಳೆಲ್ಲ ನನ್ನ ಮೇಲೆ ಬಿದ್ದವು. ಫೋಟೋಗ್ರಾಫರ್ ಕೂಡ ಕ್ಯಾಮೆರಾದಿಂದ ತಲೆ ಎತ್ತಿದ. ನಾನು ಬಾಯಿ ತೆರೆದೆ. ನವಿಲೆಂದರೆ ಜೈಲು, ಕೋಳಿಯೆಂದರೆ ದಾಕ್ಷಾಯಣಿ.

ಆಗ ದಾಕ್ಷಾಯಣಿ ತಂಬಿಗೆ ಹಿಡಿದುಕೊಂಡೇ ಎದ್ದು ನಿಂತಳು. "ಬುದ್ಧಿ, ಚುಕ್ಕೆ ಇರೋವು ಗಿನಿಕೋಳಿ. ನೀಲಿ ಕತ್ತಿಂದು ನವಿಲು. ನಮ್ಮನೆಯವ್ರಿಗೆ ಹಾವು ಅಂದ್ರೆ ಭಯ, ಅದಕ್ಕೆ ಸಾಕಿದ್ದು. ಮೊಟ್ಟೇನ ಬಸ್ಸಲ್ಲಿ ಬುಟ್ಟೀಲಿ ತಂದ್ರು, ಅಯ್ಯನವ್ರು ಕೇಳಿದ್ದಕ್ಕೆ ವಿಭೂತಿ ಉಂಡೆ ಅಂತ ಸುಳ್ಳು ಹೇಳಿದ್ರು. ನಾವು ಯಾರೂ ತಿನ್ನೋರಲ್ಲ. ತಮ್ಮ ಪಾದದ ಹತ್ರ ನಿಂತು ಸುಳ್ಳು ಹೇಳಕ್ಕೆ ನನಗಾಗಲ್ಲ."

ತಂಬಿಗೆಯ ನೀರು ತುಳುಕುತ್ತಿತ್ತು. ಅಷ್ಟು ವರ್ಷ ಕಾದದ್ದನ್ನು ಒಂದು ಮಾತಿನಲ್ಲಿ ತಾನೇ ಕಳೆದುಕೊಂಡೆ ಎಂದು ಅವಳ ಮುಖ ಹೇಳುತ್ತಿತ್ತು. ನನಗೆ ಅಲ್ಲೇ ಭೂಮಿಯೊಳಗೆ ಇಳಿದುಹೋಗಬೇಕು ಅನ್ನಿಸಿತು. ಮಲ್ಲಿಕಾರ್ಜುನಯ್ಯನವರು "ಅದು... ಮೊಟ್ಟೇನಾ?" ಎಂದು ತಮ್ಮ ಎರಡೂ ಅಂಗೈ ನೋಡಿಕೊಂಡು, ಶಲ್ಯದಿಂದ ಕಣ್ಣುಗಳನ್ನು ತಿಕ್ಕಿ ತಿಕ್ಕಿ ಒರೆಸಿದರು.

ಸ್ವಾಮಿಗಳು ನಕ್ಕರು. ಹೊಟ್ಟೆ ಹಿಡಿದುಕೊಂಡು, ಹರಿವಾಣ ಅಲ್ಲಾಡುವಷ್ಟು ನಕ್ಕರು. "ಕೂತ್ಕೊ ತಾಯಿ. ಸಾಕೋದಕ್ಕೆ ಯಾವ ದೋಷ? ನಮ್ಮ ಮಠದ ತೋಟದಲ್ಲೂ ಹಾವು ಜಾಸ್ತಿಯಾಗಿದೆ. ಮರಿಯಾದ್ರೆ ಅಲ್ಲಿಗೂ ನಾಲ್ಕು ಕಳಿಸು. ಮಲ್ಲಿಕಾರ್ಜುನಯ್ಯನೇ ಬಂದು ತಗೊಂಡು ಹೋಗ್ತಾರೆ."

"ನವಿಲಿಂದು ಏನಪ್ಪ?" ಎಂದು ಉಗ್ರಪ್ಪನನ್ನು ಕೇಳಿದರು.

ಉಗ್ರಪ್ಪ ಚಪ್ಪರದ ಸುತ್ತ ಒಂದು ಸುತ್ತು ಬಂದ. "ಕಟ್ಟಿಲ್ಲ, ಕೂಡಿಲ್ಲ ಬುದ್ಧಿ. ಅದರ ಪಾಡಿಗೆ ಅದು ಮ್ಯಾಲೆ ಕೂತೈತೆ. ಹೊಲಕ್ಕೆ ಬರೋ ನವಿಲಿನಂಗೆ ಬತ್ತದೆ, ಹೋಗ್ತದೆ. ಎಲ್ಲಾದ್ರೂ ಒಳಗೆ ಹಾಕಿ ಬೀಗ ಜಡಿದಿದ್ರೆ ಮಾತ್ರ ನಾನು ಬರ್ಕೋಬೇಕಾಗ್ತಿತ್ತು."

ನಾನು ಸೊಂಟದಲ್ಲಿದ್ದ ಬೀಗದ ಕೈಯನ್ನು ಮಡಿಯೊಳಗೆ ಇನ್ನೂ ಆಳಕ್ಕೆ ತಳ್ಳಿದೆ.

ಎಲ್ಲವೂ ಸುಖಾಂತ್ಯವಾಯಿತು ಎಂದುಕೊಂಡು ಮಣೆಯ ಕಡೆ ಹೊರಟೆ. ಕ್ರ್ಯಾಂ! ಹಕ್ಕಿಗಳಿಗೆ ಸ್ವಾಮಿಗಳ ತೀರ್ಪು ತಲುಪಿರಲಿಲ್ಲ. ಗದ್ದಲದಲ್ಲಿ ಮಂತ್ರ ಹೇಳುವವರಿಗೆ ಅವರ ಮಂತ್ರವೇ ಕೇಳುತ್ತಿರಲಿಲ್ಲ.

"ಇವರನ್ನ ಕಂಡ್ರೆ ಯಾಕೆ ಹೀಗೆ ತಾಯಿ?"

"ದಿನಾ ಟವಲು ಬನೀನಲ್ಲಿ ನೋಡ್ತಾವೆ ಬುದ್ಧಿ. ರೇಷ್ಮೇಲಿ ಗುರ್ತು ಸಿಕ್ತಾ ಇಲ್ಲ."

"ಒಗೆದದ್ದು ತಾನೆ? ಅದನ್ನೇ ಹಾಕ್ಕೊಂಡು ಬರ್ಲಿ. ಬಟ್ಟೆಗೆ ನಾವು ಪೂಜೆ ಮಾಡಿಸ್ಕೊಳ್ಳಲ್ಲ."

ಹೀಗೆ ಮಲ್ಲಿಕಾಂಬನ ಎದುರಿಗೆ, ಹೆಂಡತಿ ರೇಷ್ಮೆ ಸೀರೆಯಲ್ಲಿ ಕೂತಿದ್ದ ಮಣೆಯ ಪಕ್ಕದಲ್ಲಿ, ತೂತು ಬನಿಯನ್ನು ಹಾಕಿ, ಚೌಕಳಿ ಟವಲು ತಲೆಗೆ ಸುತ್ತಿ, ನಾನು ಸ್ವಾಮಿಗಳ ಪಾದ ತೊಳೆದೆ. ಹಕ್ಕಿಗಳು ಒಂದೊಂದಾಗಿ ಇಳಿದು ನನ್ನ ಹಿಂದೆ ಸಾಲಾಗಿ ನಿಂತವು. ಫೋಟೋಗ್ರಾಫರ್ ಅದನ್ನೇ ತೆಗೆದ.

ಆ ಫೋಟೋ ಕಟ್ಟು ಹಾಕಿಸಿಕೊಂಡು ನಮ್ಮ ನಡುಮನೆಯಲ್ಲಿ ಕೂತಿದೆ. ಸ್ವಾಮಿಗಳು ಸ್ಪಷ್ಟವಾಗಿದ್ದಾರೆ, ಹರಿವಾಣ ಫಳಫಳ ಎನ್ನುತ್ತಿದೆ, ದಾಕ್ಷಾಯಣಿಯ ಮುಖದಲ್ಲಿ ನಾನು ಮದುವೆಯ ದಿನವೂ ಕಾಣದ ಸಂತೋಷವಿದೆ. ನಾನು ಅರ್ಧ ಟವಲು, ಅರ್ಧ ಬನಿಯನ್ನು; ಬಗ್ಗಿದ ಮುಖ ಕಾಣುವುದಿಲ್ಲ. ಗಿನಿಕೋಳಿಗಳು ಮನೆಯಲ್ಲೇ ಉಳಿದವು. ಅವುಗಳ ಮರಿಗಳು ಮಠದ ತೋಟದಲ್ಲೂ ಇವೆ. ಈಗ ಯಾರಾದರೂ 'ಕೋಳಿ' ಎಂದರೆ ದಾಕ್ಷಾಯಣಿಯೇ ತಿದ್ದುತ್ತಾಳೆ, "ಮಠದ ಪಕ್ಷಿ ಅನ್ನಿ."

ಮೊನ್ನೆ ಮಲ್ಲಿಕಾಂಬ ತನ್ನ ಹೊಸ ಸೊಸೆಯನ್ನು ಕರೆದುಕೊಂಡು ಬಂದಿದ್ದಳು. ನಾನು ಊಟಕ್ಕೆ ಕೂತಿದ್ದೆ. ದಾಕ್ಷಾಯಣಿ ಮಜ್ಜಿಗೆ ಬಡಿಸುತ್ತಿದ್ದಳು. ಹುಡುಗಿ ಗೋಡೆಯ ಹತ್ತಿರ ಹೋಗಿ ಫೋಟೋವನ್ನು ಬಹಳ ಹೊತ್ತು ನೋಡಿ ಕೇಳಿತು, "ಚಿಕ್ಕತ್ತೆ, ನಿಮ್ಮ ಪಕ್ಕ ಟವಲು ಸುತ್ಕೊಂಡು ಕೂತಿದಾನಲ್ಲ, ಯಾರವನು?"

"ಅವ್ನಾ?" ಎಂದಳು ದಾಕ್ಷಾಯಣಿ, ನನ್ನ ತಟ್ಟೆಯಿಂದ ಕಣ್ಣೆತ್ತದೆ. "ಪಕ್ಷಿ ನೋಡ್ಕೊಳ್ಳಕ್ಕೆ ಇಟ್ಕೊಂಡಿದೀವಿ ಕಣಮ್ಮ."

"ಮತ್ತೆ ಚಿಕ್ಕಮಾವ ಎಲ್ಲಿ?"

"ತೋಟದಲ್ಲಿ ಪೈಪು ಬಿದ್ದಿತ್ತಮ್ಮ. ಒಳಗೆ ಬಾಗಿಲು ಹಾಕ್ಕೊಂಡಿದ್ರು."

ನಾನು ಮಜ್ಜಿಗೆಯ ಜೊತೆಗೆ ಅದನ್ನೂ ನುಂಗಿದೆ.